ಹೆಸರುಕಾಳಿನಷ್ಟು ಲಿಂಗನಮಕ್ಕಿ: ಭೂಗೋಳದ ಪಾಠಕ್ಕೆ ಡಿಜಿಟಲ್ ಗ್ರಂಥಾಲಯ

ಒಂಬತ್ತನೇ ತರಗತಿ, ಕರ್ನಾಟಕದ ನದಿಗಳ ಪಾಠ. ಪುಸ್ತಕದ ನಕ್ಷೆಯಲ್ಲಿ ಲಿಂಗನಮಕ್ಕಿಯನ್ನು ತೋರಿಸಿ, ‘ಇದು ಶರಾವತಿಯ ಹಿನ್ನೀರು’ ಅಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಅವನ ಮನೆ ತುಮರಿ ಕಡೆ. ಹುಟ್ಟಿದಾಗಿನಿಂದ ಆ ನೀರು ನೋಡಿಕೊಂಡೇ ಬೆಳೆದವನು. ‘ಸಾರ್, ನಮ್ಮನೆ ಎದುರಿಗೆ ಇರೋದು ಈ ಚುಕ್ಕೆನಾ?’ ಅಂತ ಕೇಳಿದ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಲೆಕ್ಕ ಹಾಕಿದೆ.

ನಮ್ಮ ರಾಜ್ಯ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿ.ಮೀ. ಅದನ್ನು ಪುಟದಲ್ಲಿ 15 ಸೆಂ.ಮೀ.ಗೆ ಇಳಿಸಿದರೆ ಒಂದು ಸೆಂಟಿಮೀಟರಿಗೆ 50 ಕಿ.ಮೀ. ಆಗುತ್ತದೆ. ಲಿಂಗನಮಕ್ಕಿ ತುಂಬಿದಾಗ ನೀರು ಹರಡುವ ಜಾಗ 300 ಚದರ ಕಿ.ಮೀ. ಮೀರುತ್ತದೆ. ಅಷ್ಟೂ ನೀರು ಆ ನಕ್ಷೆಯಲ್ಲಿ ಒಂದು ಹೆಸರುಕಾಳಿನಷ್ಟು ಜಾಗದಲ್ಲಿ ಕೂತುಬಿಡುತ್ತದೆ. ಅದೇ ನೀರನ್ನು ಸರ್ವೆ ಆಫ್ ಇಂಡಿಯಾದ ಟಾಪೋ ಶೀಟಿನ (ನೆಲದ ಏರಿಳಿತ, ಊರು, ದಾರಿ ಬಿಡಿಸಿ ತೋರಿಸುವ ಸರ್ಕಾರಿ ನಕ್ಷೆ) ಅಳತೆಯಲ್ಲಿ, ಅಂದರೆ 1:50,000ದಲ್ಲಿ ಬರೆದರೆ? ಅಲ್ಲಿ ಒಂದು ಸೆಂಟಿಮೀಟರಿಗೆ ಅರ್ಧ ಕಿ.ಮೀ. ಮಾತ್ರ. ಹೆಸರುಕಾಳು ಹಿಗ್ಗಿ ಕುಡಿಬಾಳೆ ಎಲೆಯಷ್ಟಾಗುತ್ತದೆ. ಊರು, ದೇವಸ್ಥಾನ, ಹಳ್ಳ, ಕಾಲುದಾರಿ ಎಲ್ಲ ಅದರಲ್ಲಿ ಹಿಡಿಸುತ್ತದೆ.

ಪಠ್ಯಪುಸ್ತಕದ್ದು ತಪ್ಪಲ್ಲ. ಇಡೀ ರಾಜ್ಯವನ್ನು ಒಂದು ಪುಟದಲ್ಲಿ ತೋರಿಸಲು ಹೊರಟರೆ ತುಮರಿಯ ಹುಡುಗನ ಮನೆ ಕಾಣುವುದಿಲ್ಲ, ಅಷ್ಟೇ. ಕಾಣಬೇಕಾದರೆ ಬೇರೆ ಅಳತೆಯ ಇನ್ನೊಂದು ಹಾಳೆ ಬೇಕು. ಆ ಊರು ಹಿಂದೆ ಹೇಗಿತ್ತು ಅಂತ ತಿಳಿಯಬೇಕಾದರೆ ಬೇರೆ ಇಸವಿಯ ಮತ್ತೊಂದು ಹಾಳೆ ಬೇಕು. ಈ ಇನ್ನೊಂದು, ಮತ್ತೊಂದು ಹಾಳೆಗಳು ಹಳ್ಳಿ ಶಾಲೆಯ ಬೀರುವಿನಲ್ಲಿ ಯಾವತ್ತೂ ಇರಲಿಲ್ಲ. ಈಗ ಸಿಗುತ್ತವೆ. ಭೂಗೋಳದ ಮೇಷ್ಟ್ರಿಗೆ ಡಿಜಿಟಲ್ ಗ್ರಂಥಾಲಯ ಬೇಕಾಗುವುದು ಮುಖ್ಯವಾಗಿ ಇದಕ್ಕೇ.

ವಿಡಿಯೋ ಬೇರೆ, ಗ್ರಂಥಾಲಯ ಬೇರೆ

ಸ್ಮಾರ್ಟ್ ಕ್ಲಾಸ್ ಟಿವಿಯಲ್ಲಿ ಜೋಗದ ವಿಡಿಯೋ ಹಾಕುವುದನ್ನೇ ಕೆಲವರು ಡಿಜಿಟಲ್ ಪಾಠ ಅನ್ನುತ್ತಾರೆ. ಮಕ್ಕಳಿಗೆ ಖುಷಿಯಾಗುತ್ತದೆ, ನಾನೂ ಹಾಕಿದ್ದೇನೆ. ಆದರೆ ಜೋಗಕ್ಕೆ ಹತ್ತು ಸಲ ಹೋಗಿ ಬಂದ ಸಾಗರದ ಹುಡುಗರಿಗೆ ಜೋಗದ ವಿಡಿಯೋ ಯಾಕೆ ಬೇಕು, ಅಲ್ವಾ? ವಿಡಿಯೋ ಉತ್ತರ ಹೇಳಿ ಮುಗಿಸುತ್ತದೆ. ಗ್ರಂಥಾಲಯ ಒಂದು ದಾಖಲೆ ಕೊಟ್ಟು ಸುಮ್ಮನಾಗುತ್ತದೆ. ಅದನ್ನು ಓದುವ ಕೆಲಸ ನಮ್ಮದು.

ಸುಮ್ನೆ ಇಂಟರ್‌ನೆಟ್ಟಿನಲ್ಲಿ ಹುಡುಕಿದರೂ ಬೇಕಾದಷ್ಟು ಚಿತ್ರ ಸಿಗುತ್ತವೆ. ವ್ಯತ್ಯಾಸ ಇರುವುದು ಮಾಹಿತಿ ಪಟ್ಟಿಯಲ್ಲಿ. ಹಳೆಯ ಲೈಬ್ರರಿಗಳಲ್ಲಿ ಮರದ ಡಬ್ಬಿಯ ತುಂಬ ಕಾರ್ಡುಗಳಿದ್ದವು ನೆನಪಿದೆಯಾ? ಪುಸ್ತಕದ ಹೆಸರು, ಬರೆದವರು, ಇಸವಿ, ಎಷ್ಟನೇ ಮುದ್ರಣ. ಡಿಜಿಟಲ್ ಗ್ರಂಥಾಲಯವೂ ಪ್ರತಿ ನಕ್ಷೆಗೆ, ಪ್ರತಿ ಪುಸ್ತಕಕ್ಕೆ ಅಂಥದ್ದೇ ಕಾರ್ಡು ಇಟ್ಟಿರುತ್ತದೆ. ಯಾರು ಮಾಡಿದ್ದು, ಯಾವಾಗ, ಯಾವ ಅಳತೆಯಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಬಂದ ನಕ್ಷೆಗೆ ಈ ಕಾರ್ಡು ಇರುವುದಿಲ್ಲ. ಇಸವಿ ಇಲ್ಲದ ನಕ್ಷೆ ಭೂಗೋಳದ ಪಾಠಕ್ಕೆ ಬರುವುದೂ ಇಲ್ಲ.

ಎಲ್ಲಿ ಏನಿದೆ ಅಂತ ಬೇಗ ಹೇಳಿಬಿಡುತ್ತೇನೆ. ದೀಕ್ಷಾ 2017ರಲ್ಲಿ ಶುರುವಾಯಿತು. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ತೆರೆಯುವುದು ಅದೇ. ಪಾಠಕ್ಕೆ ಹತ್ತಿರ, ಆದರೆ ನಮ್ಮ ಊರಿನದ್ದು ಅಂತ ಅಲ್ಲಿ ಹೆಚ್ಚೇನೂ ಇರುವುದಿಲ್ಲ. ಖರಗಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ಎಲ್ಲರಿಗೂ ತೆರೆಯಿತು. ಅದು ಬೇರೆ ಬೇರೆ ಸಂಸ್ಥೆಗಳಲ್ಲಿರುವುದನ್ನು ಒಂದೇ ಕಡೆ ಹುಡುಕಿಕೊಡುವ ದೊಡ್ಡ ಪಟ್ಟಿ ಇದ್ದ ಹಾಗೆ. ಅಮೆರಿಕದ ಇಂಟರ್‌ನೆಟ್ ಆರ್ಕೈವ್ 1996ರದ್ದು. ಜಿಲ್ಲೆ, ಊರುಗಳ ವಿವರ ಕೂಡಿಸಿದ ಸರ್ಕಾರಿ ಪುಸ್ತಕಗಳು, ಅಂದರೆ ನಮ್ಮ ಹಳೆಯ ಗೆಜೆಟಿಯರ್‌ಗಳು, ಪ್ರವಾಸ ಕಥನಗಳು ಜಾಸ್ತಿ ಸಿಕ್ಕಿದ್ದು ನನಗೆ ಅಲ್ಲೇ. ಇಸ್ರೋದ ಭುವನ್ 2009ರಿಂದ ಉಪಗ್ರಹ ಚಿತ್ರ ತೋರಿಸುತ್ತಿದೆ. ಕನ್ನಡದಲ್ಲಿ ಓದಲು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳು ವಿಕಿಸೋರ್ಸ್‌ನಲ್ಲಿವೆ. ಪಾರಿಭಾಷಿಕ ಪದಗಳಿಗೆ ಭಾರತವಾಣಿ ಜಾಲತಾಣದ ನಿಘಂಟುಗಳಿವೆ. ಮನೆಯಲ್ಲಿ ಇಂಟರ್‌ನೆಟ್ ಇಲ್ಲದ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಲೈಬ್ರರಿ ಇದೆ. ಅದಕ್ಕೀಗ ಅರಿವು ಕೇಂದ್ರ ಅಂತ ಹೆಸರು. ಹಲವು ಕಡೆ ಕಂಪ್ಯೂಟರೂ ಬಂದಿದೆ.

ಹುಡುಕುವಾಗ ಎಡವುವುದು ಎಲ್ಲಿ?

ಸ್ಪೆಲ್ಲಿಂಗಿನಲ್ಲಿ. ನಮ್ಮ ಜಿಲ್ಲೆಯ ಹೆಸರು ಅಧಿಕೃತವಾಗಿ ‘ಶಿವಮೊಗ್ಗ’ ಆಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕಿಂತ ಹಿಂದಿನ ಇಂಗ್ಲಿಷ್ ಪುಸ್ತಕಗಳಲ್ಲಿ ಇರುವುದು ‘ಶಿಮೊಗ’. ಈಗಿನ ಹೆಸರು ಹಾಕಿ ಹುಡುಕಿದರೆ ನೂರು ವರ್ಷದ ಸಾಮಗ್ರಿ ಕಣ್ಣಿಗೇ ಬೀಳುವುದಿಲ್ಲ. ನಗರ ಅನ್ನುವ ಊರು ಬೇಕಿದ್ದರೆ ಬಿದನೂರು, ಬೆಡ್ನೋರ್ ಅಂತೆಲ್ಲ ಹಾಕಿ ನೋಡಬೇಕು. ಜೋಗ ಬೇಕಿದ್ದರೆ ಗೇರುಸೊಪ್ಪೆ ಜಲಪಾತ ಅಂತ ಹುಡುಕಬೇಕು. ಗೇರುಸೊಪ್ಪೆ ಇರುವುದು ಘಟ್ಟದ ಕೆಳಗೆ, ಜೋಗ ಇರುವುದು ಮೇಲೆ. ಹೊಳೆಯ ದಾರಿ ಹಿಡಿದು ಕರಾವಳಿಯಿಂದ ಹತ್ತಿ ಬಂದವರು ಕೆಳಗಿನ ಊರಿನ ಹೆಸರನ್ನೇ ಮೇಲಿನ ನೀರಿಗೂ ಇಟ್ಟರು. ಈ ಹೆಸರಿನ ಕಥೆಯೇ ಅರ್ಧ ಗಂಟೆಯ ಪಾಠ ಆಗುತ್ತದೆ. ನಕ್ಷೆಯ ಮೇಲಿನ ಹೆಸರು ನೋಡಿದರೆ ಬರೆದವರು ಯಾವ ದಿಕ್ಕಿನಿಂದ ಬಂದರು ಅನ್ನುವುದೂ ಗೊತ್ತಾಗುತ್ತದೆ.

ಇನ್ನೊಂದು ತೊಡಕು ಸ್ಕ್ಯಾನಿನದು. ಸ್ಕ್ಯಾನ್ ಅಂದರೆ ಪುಟದ ಫೋಟೋ. ಫೋಟೋದಲ್ಲಿರುವ ಅಕ್ಷರವನ್ನು ಕಂಪ್ಯೂಟರ್ ಗುರುತಿಸಿ ಬರಹವಾಗಿ ಮಾಡಿಕೊಂಡರೆ ಮಾತ್ರ ಪುಸ್ತಕದ ಒಳಗೆ ಪದ ಹುಡುಕಬಹುದು. ಇಂಗ್ಲಿಷಿನಲ್ಲಿ ಇದು ಪರವಾಗಿಲ್ಲ. ಹಳೆಯ ಕನ್ನಡ ಮುದ್ರಣದಲ್ಲಿ ಒತ್ತಕ್ಷರ ಬಂದ ಕಡೆಯೆಲ್ಲ ಎಡವುತ್ತದೆ. ‘ತೀರ್ಥಹಳ್ಳಿ’ಯಲ್ಲಿ ಅರ್ಕಾವತ್ತೂ ಇದೆ, ಒತ್ತಕ್ಷರವೂ ಇದೆ, ಕೇಳಬೇಕೆ? ಹುಡುಕಿದಾಗ ಸಿಗಲಿಲ್ಲ ಅಂದ ಮಾತ್ರಕ್ಕೆ ಪುಸ್ತಕದಲ್ಲಿ ಇಲ್ಲ ಅಂತ ತಿಳಿಯಬೇಡಿ. ಪರಿವಿಡಿ ತೆಗೆದು ಪುಟ ತಿರುಗಿಸಿ.

ಟಾಪೋ ಶೀಟ್ ಹುಡುಕಲು ಊರಿನ ಹೆಸರಿಗಿಂತ ಹಾಳೆಯ ಸಂಖ್ಯೆ ಉಪಯೋಗ. ಈ ಸಂಖ್ಯೆ ನೋಡಿ ಹೆದರುವವರೇ ಜಾಸ್ತಿ. ಆದರೆ ಇದು ನಮ್ಮ ಪೋಸ್ಟಿನ ಪಿನ್‌ಕೋಡ್ ಇದ್ದ ಹಾಗೆ, ಒಳಗೆ ಕ್ರಮ ಇದೆ. ಹಳೆಯ ಪದ್ಧತಿಯಲ್ಲಿ ದೇಶವನ್ನು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಗಳಾಗಿ ಕತ್ತರಿಸಿ ಸಂಖ್ಯೆ ಕೊಟ್ಟಿದ್ದಾರೆ. ನಾವಿರುವುದು 48ರಲ್ಲಿ. ಅಂದರೆ ಪೂರ್ವ ರೇಖಾಂಶ 72ರಿಂದ 76, ಉತ್ತರ ಅಕ್ಷಾಂಶ 12ರಿಂದ 16. ಆ ಚೌಕವನ್ನು 16 ತುಂಡು ಮಾಡಿ ಎ ಇಂದ ಪಿ ವರೆಗೆ ಅಕ್ಷರ ಇಟ್ಟಿದ್ದಾರೆ. ಒಂದೊಂದು ಅಕ್ಷರಕ್ಕೆ ಒಂದು ಡಿಗ್ರಿ. ಅದನ್ನು ಮತ್ತೆ 16 ತುಂಡು ಮಾಡಿ 1ರಿಂದ 16. ಈ ಕೊನೆಯ ತುಂಡೇ ನಮ್ಮ 1:50,000 ಹಾಳೆ, ಒಂದೊಂದು ಬದಿಗೆ ಸುಮಾರು 27 ಕಿ.ಮೀ. ಎಣಿಕೆ ಮಾತ್ರ ಅಡ್ಡ ಸಾಲಿನಲ್ಲಿ ಹೋಗುವುದಿಲ್ಲ. ಎಡಗಡೆಯ ಕಂಬದಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ಇಳಿದು, ಆಮೇಲೆ ಪಕ್ಕದ ಕಂಬಕ್ಕೆ ಹೋಗುತ್ತದೆ. ಜೋಗದ ಅಕ್ಷಾಂಶ ಸುಮಾರು 14.23, ರೇಖಾಂಶ 74.81. ಬೋರ್ಡಿನ ಮೇಲೆ ಚೌಕ ಬರೆದು ಮಕ್ಕಳ ಕೈಗೆ ಚಾಕ್‌ಪೀಸ್ ಕೊಡಿ. ಅವರೇ 48 ಜೆ/16ಕ್ಕೆ ಬಂದು ನಿಲ್ಲುತ್ತಾರೆ. ಶಿವಮೊಗ್ಗ ಪೇಟೆ 48 ಓ/9. ಅಕ್ಷಾಂಶ, ರೇಖಾಂಶದ ಪಾಠವನ್ನು ನಾನು ಎಷ್ಟೋ ವರ್ಷ ಗ್ಲೋಬ್ ಹಿಡಿದು ಮಾಡಿದ್ದೆ. ಹೀಗೆ ಮಾಡಿದ ವರ್ಷ ಹುಡುಗರು ಬಿಡುವಿನಲ್ಲೂ ತಮ್ಮ ಅಜ್ಜಿ ಮನೆಯ ಹಾಳೆ ಯಾವುದು ಅಂತ ಹುಡುಕುತ್ತಿದ್ದರು. ಸಾರ್ವಜನಿಕರಿಗಾಗಿ ಬಿಡುಗಡೆಯಾದ ಹೊಸ ಸರಣಿಯ ಹಾಳೆಗಳ ಸಂಖ್ಯೆ ಬೇರೆ ರೀತಿ ಇದೆ. ನಮ್ಮ ಕಡೆಯವು ಡಿ43ರಿಂದ ಶುರುವಾಗುತ್ತವೆ. ಎರಡನ್ನೂ ಬರೆದಿಟ್ಟುಕೊಂಡರೆ ಒಳ್ಳೆಯದು.

ಮುಳುಗಿದ ಊರನ್ನು ಹುಡುಕುವುದು

ಈಗ ಶರಾವತಿಗೆ ಬರೋಣ. ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಈ ಹೊಳೆಗೆ ಮೊದಲು ಕಟ್ಟಿದ ಜಲಾಶಯ ಹಿರೇಭಾಸ್ಕರ. ಜೋಗದ ವಿದ್ಯುತ್ ಕೇಂದ್ರ 1948ರಲ್ಲಿ ಶುರುವಾದಾಗ ನೀರು ಕೊಟ್ಟಿದ್ದು ಅದೇ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಮುಗಿಯಿತು. ಅದರ ನೀರು ಹಿರೇಭಾಸ್ಕರ ಅಣೆಕಟ್ಟೆಯನ್ನೇ ನುಂಗಿತು. ಮಳೆ ಕಮ್ಮಿಯಾದ ವರ್ಷ ಬೇಸಿಗೆಯಲ್ಲಿ ನೀರು ಇಳಿದರೆ ಆ ಹಳೆಯ ಕಟ್ಟೆ ಮೇಲೆ ಕಾಣಿಸುತ್ತದೆ. ಜನ ನೋಡಲು ಹೋಗುತ್ತಾರೆ.

‘ಮುಳುಗಡೆ’ ಅನ್ನುವ ಪದ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಆದರೆ ಮುಳುಗುವ ಮುಂಚೆ ಆ ಕಣಿವೆ ಹೇಗಿತ್ತು? ಇದನ್ನು ಗೂಗಲ್ ಅರ್ಥ್ ತೋರಿಸುವುದಿಲ್ಲ. ಭೂಮಿಯ ಚಿತ್ರವನ್ನು ಮತ್ತೆ ಮತ್ತೆ ತೆಗೆದು ಕೂಡಿಡುತ್ತಿರುವ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಅಷ್ಟು ಹೊತ್ತಿಗೆ ಲಿಂಗನಮಕ್ಕಿ ಮುಗಿದು ಎಂಟು ವರ್ಷವಾಗಿತ್ತು. ಅದಕ್ಕಿಂತ ಹಿಂದಿನದು ಬೇಕಾದರೆ ಹಳೆಯ ಕಾಗದವೇ ಗತಿ.

ಕಾಗದ ಇದೆ. ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರಿನ ಪರಿಷ್ಕೃತ ಮುದ್ರಣ 1897ರದ್ದು. ಅದರ ಎರಡನೇ ಸಂಪುಟದಲ್ಲಿ ಜಿಲ್ಲೆಗಳ ವಿವರ ಬರುತ್ತದೆ. ಹಯವದನ ರಾಯರು ಸಂಪಾದಿಸಿದ ಗೆಜೆಟಿಯರ್ 1927ರಿಂದ 1930ರ ನಡುವೆ ಬಂತು. ಇನ್ನೂ ಹಿಂದೆ ಹೋದರೆ, ಟಿಪ್ಪು ಸತ್ತ ಮರುವರ್ಷ ಹೊರಟ ಫ್ರಾನ್ಸಿಸ್ ಬುಕನನ್ 1801ರಲ್ಲಿ ಈ ಸೀಮೆ ಸುತ್ತಿ ಬರೆದ ಪ್ರವಾಸ ಕಥನ 1807ರಲ್ಲಿ ಅಚ್ಚಾಯಿತು. ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಮನುಷ್ಯ. ಯಾವ ನೆಲದಲ್ಲಿ ಏನು ಬೆಳೆ, ಕಂದಾಯ ಎಷ್ಟು ಹುಟ್ಟೀತು ಅನ್ನುವುದರ ಮೇಲೇ ಕಣ್ಣು. ಅದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ನಕ್ಷೆಯ ವಿಷಯಕ್ಕೆ ಬಂದರೆ, ಅಮೆರಿಕದ ಸೇನೆಯ ನಕ್ಷೆ ವಿಭಾಗ 1950ರ ದಶಕದ ಹೊತ್ತಿಗೆ ಭಾರತದ ನಕ್ಷೆಗಳನ್ನು 1:2,50,000 ಅಳತೆಯಲ್ಲಿ ಮುದ್ರಿಸಿತ್ತು. ನಮ್ಮದೇ ಸರ್ವೆ ಆಫ್ ಇಂಡಿಯಾದ ಹಾಳೆಗಳನ್ನು ಆಧರಿಸಿ ಮಾಡಿದ್ದು. ಅವನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದೆ. ನಮ್ಮ ಹೊಳೆಯ ಹಳೇ ದಾರಿ ನೋಡಲು ಟೆಕ್ಸಾಸಿಗೆ ಹೋಗಬೇಕಾದ್ದು ತಮಾಷೆಯೇ ಸರಿ.

ಹಳೆಯ ನಕ್ಷೆಯನ್ನು ಹೊಸದರ ಮೇಲೆ ಕೂರಿಸುವುದು ಹೇಗೆ? ಕಂಪ್ಯೂಟರಿನವರು ಇದಕ್ಕೆ ಜಿಯೋರೆಫರೆನ್ಸಿಂಗ್ ಅನ್ನುತ್ತಾರೆ. ಕೇಳಲು ಭಾರ, ಕೆಲಸ ಹಗುರ. ಎರಡೂ ನಕ್ಷೆಯಲ್ಲಿ ಇರುವ, ಜಾಗ ಬಿಟ್ಟು ಕದಲದ ಮೂರ್ನಾಲ್ಕು ಗುರುತು ಹಿಡಿಯಬೇಕು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಆಗುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ತುದಿ ಆಗುತ್ತದೆ. ಜೋಗದ ಬಂಡೆಯ ಅಂಚು ಆಗುತ್ತದೆ. ರಸ್ತೆಯ ತಿರುವು ಬೇಡ, ಅದು ಬದಲಾಗಿರುತ್ತದೆ. ಹೊಳೆದಂಡೆಯಂತೂ ಬೇಡವೇ ಬೇಡ, ನಾವು ಹುಡುಕುತ್ತಿರುವುದೇ ಅದರ ಬದಲಾವಣೆಯನ್ನು. ಗುರುತುಗಳು ಒಂದೇ ಮೂಲೆಯಲ್ಲಿ ಗುಂಪಾಗಿರಬಾರದು, ಹರಡಿರಬೇಕು. ಚಪ್ಪರಕ್ಕೆ ನಾಲ್ಕು ಕಡೆ ಕಂಬ ನೆಟ್ಟ ಹಾಗೆ.

ಇದಕ್ಕೆ ಕ್ಯೂಜಿಐಎಸ್ ಅಂತ ಪುಕ್ಕಟೆ ತಂತ್ರಾಂಶ ಇದೆ. ನಾನು ಶಾಲೆಯಲ್ಲಿ ಬಳಸುವುದು ಬಟರ್ ಪೇಪರ್. ಎರಡೂ ನಕ್ಷೆಯನ್ನು ಒಂದೇ ಅಳತೆಗೆ ತಂದು ಪ್ರಿಂಟ್ ಹಾಕಿಸಬೇಕು. ಹಳೆಯದರ ಮೇಲೆ ಬಟರ್ ಪೇಪರ್ ಇಟ್ಟು ಹೊಳೆ, ದಾರಿ, ಊರುಗಳನ್ನು ಬಿಡಿಸಬೇಕು. ಆಮೇಲೆ ಆ ಪೇಪರನ್ನು ಹೊಸದರ ಮೇಲೆ ಜರುಗಿಸಿ ಜರುಗಿಸಿ ಗುರುತು ಕೂಡಿಸಬೇಕು. ದಾರಿಗಳು ನೇರ ನೀಲಿ ಬಣ್ಣದೊಳಕ್ಕೆ ಇಳಿದು ಹೋಗುವುದನ್ನು ಮಕ್ಕಳು ತಾವೇ ನೋಡುತ್ತಾರೆ. ಆ ಹೊತ್ತಿಗೆ ಕ್ಲಾಸ್ ತಾನಾಗಿ ಸುಮ್ಮನಾಗುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಅಜ್ಜಂದಿರು ಆ ದಾರಿಯಲ್ಲಿ ಗಾಡಿ ಹೊಡೆದವರು. ಮುಳುಗಡೆಯಾಗಿ ಎದ್ದು ಬಂದ ಮನೆಯ ಮಕ್ಕಳಿದ್ದರೆ ಸ್ವಲ್ಪ ಜೋಪಾನವಾಗಿ ಮಾತಾಡಬೇಕು. ಒಂದು ಹೆಸರು ಬಿಟ್ಟುಹೋಗಿದೆ ಅಂತ ಅವರು ಹೇಳಿದರೆ ಅದನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಸಣ್ಣ ಅಳತೆಯ ನಕ್ಷೆಯಲ್ಲಿ ನಾಲ್ಕು ಮನೆಯ ಕೇರಿ ಬಿದ್ದಿರುವುದಿಲ್ಲ.

ಎಷ್ಟೇ ಜರುಗಿಸಿದರೂ ಪೂರ್ತಿ ಕೂರುವುದಿಲ್ಲ ಅಂತ ಮಕ್ಕಳು ದೂರುತ್ತಾರೆ. ಪ್ರಿಂಟಿನ ದೋಷ, ಹಳೆಯ ಹಾಳೆ ಸುಕ್ಕಾದದ್ದು ಒಂದು ಕಾರಣ. ಇನ್ನೊಂದು ಕಾರಣ ಸ್ವಾರಸ್ಯದ್ದು. ಭೂಮಿ ಪೂರ್ತಿ ಗುಂಡಗಿಲ್ಲ. ಅದರ ಆಕಾರವನ್ನು ಲೆಕ್ಕಕ್ಕೆ ಇಳಿಸಲು ಒಂದು ಮಾದರಿ ಬೇಕು. ಹಳೆಯ ಸರ್ವೆಯವರು ಬಳಸಿದ್ದು ಎವರೆಸ್ಟ್ ಸಾಹೇಬರ ಮಾದರಿ. ಇಂದಿನ ಮೊಬೈಲಿನ ಜಿಪಿಎಸ್ ಬಳಸುವುದು ಬೇರೆ. ಹಾಗಾಗಿ ಒಂದೇ ದೇವಸ್ಥಾನದ ಅಕ್ಷಾಂಶ ಎರಡರಲ್ಲೂ ಚೂರು ಹೆಚ್ಚುಕಮ್ಮಿ ಬರುತ್ತದೆ. ದೇವಸ್ಥಾನ ಕದಲಿಲ್ಲ, ಅಳೆಯುವ ಕೋಲು ಬದಲಾಯಿತು.

ಯಾವ ತಿಂಗಳದ್ದು ಸಾರ್?

ಉಪಗ್ರಹ ಚಿತ್ರದಲ್ಲಿ ನಾನೇ ಒಮ್ಮೆ ಪೇಚಿಗೆ ಸಿಕ್ಕಿಕೊಂಡಿದ್ದೆ. ಎರಡು ಬೇರೆ ಬೇರೆ ವರ್ಷದ ಹಿನ್ನೀರಿನ ಚಿತ್ರ ಪಕ್ಕಪಕ್ಕ ಇಟ್ಟು, ‘ನೋಡಿ, ನೀರು ಎಷ್ಟು ಕಮ್ಮಿಯಾಗಿದೆ’ ಅಂತ ದೊಡ್ಡದಾಗಿ ಪಾಠ ಮಾಡಿದೆ. ಒಬ್ಬಳು ಹುಡುಗಿ, ‘ಇದು ಯಾವ ತಿಂಗಳದ್ದು ಸಾರ್?’ ಅಂದಳು. ನೋಡಿದರೆ ಒಂದು ಅಕ್ಟೋಬರಿನದು, ಇನ್ನೊಂದು ಮೇ ತಿಂಗಳದ್ದು. ಮಳೆಗಾಲ ಮುಗಿದಾಗ ಕೆರೆ ತುಂಬಿರುತ್ತದೆ, ಬೇಸಿಗೆಯಲ್ಲಿ ಇಳಿದಿರುತ್ತದೆ. ಇದನ್ನು ತಿಳಿಯಲು ಉಪಗ್ರಹ ಯಾಕೆ ಬೇಕು? ಅವತ್ತಿನಿಂದ ಹೋಲಿಸುವಾಗ ವರ್ಷ ಮಾತ್ರ ಬೇರೆ ಇರಬೇಕು, ತಿಂಗಳು ಒಂದೇ ಇರಬೇಕು ಅಂತ ನಿಯಮ ಮಾಡಿಕೊಂಡಿದ್ದೇನೆ.

ಮಲೆನಾಡಿಗೆ ತಿಂಗಳಿನ ಇನ್ನೊಂದು ಕಷ್ಟ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿತ್ರ ತೆಗೆದರೆ ಬರೀ ಬಿಳಿ ಮೋಡ. ಒಳ್ಳೆಯ ಚಿತ್ರ ಸಿಗುವುದು ಜನವರಿ, ಫೆಬ್ರವರಿಯಲ್ಲಿ. ಅದರಿಂದ ಒಂದು ಲಾಭವೂ ಇದೆ. ಗಿಡಮರದ ಎಲೆ ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಕೆಂಪಾಚೆಯ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಉಪಗ್ರಹ ಅದನ್ನು ಹಿಡಿಯುತ್ತದೆ. ನಾವು ನೋಡಲಿಕ್ಕಾಗಿ ಅದಕ್ಕೆ ಕೆಂಪು ಬಣ್ಣ ಕೊಡುತ್ತಾರೆ. ಸೆಪ್ಟೆಂಬರಿನಲ್ಲಿ ಮೋಡ ಸರಿದು ಚಿತ್ರ ಸಿಕ್ಕರೂ ಗದ್ದೆಯೂ ಕೆಂಪು, ತೋಟವೂ ಕೆಂಪು, ಕಾಡೂ ಕೆಂಪು. ಫೆಬ್ರವರಿಗೆ ಭತ್ತದ ಕೊಯ್ಲು ಮುಗಿದು ಗದ್ದೆ ಬೋಳಾಗಿರುತ್ತದೆ. ಅಡಿಕೆ ತೋಟ ಮಾತ್ರ ಕಣಿವೆಯ ತಳದಲ್ಲಿ ಕೆಂಪು ಪಟ್ಟಿಯಾಗಿ ಉಳಿಯುತ್ತದೆ. ಹತ್ತಿಪ್ಪತ್ತು ವರ್ಷದ ಫೆಬ್ರವರಿಗಳನ್ನು ಸಾಲಾಗಿ ಇಟ್ಟರೆ ಎಲ್ಲೆಲ್ಲಿ ಗದ್ದೆ ಹೋಗಿ ತೋಟ ಆಗಿದೆ ಅಂತ ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ. ತೋರಿಸಿದ್ದು ತಮ್ಮದೇ ಮನೆಯ ಗದ್ದೆಯಾದರೆ ಮಜಾ ಇನ್ನೂ ಜಾಸ್ತಿ.

ಆದರೆ ಎಷ್ಟು ಸಣ್ಣದು ಕಾಣುತ್ತದೆ ಅನ್ನುವುದಕ್ಕೆ ಮಿತಿ ಇದೆ. 2008ರಿಂದ ಪುಕ್ಕಟೆಯಾಗಿರುವ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಒಂದು ಚುಕ್ಕಿ ಅಂದರೆ 30 ಮೀಟರ್ ಉದ್ದ, 30 ಮೀಟರ್ ಅಗಲ. ಒಂದು ಎಕರೆ ತೋಟಕ್ಕೆ ನಾಲ್ಕೂವರೆ ಚುಕ್ಕಿ ಅಷ್ಟೇ. ಯುರೋಪಿನವರ ಸೆಂಟಿನೆಲ್-2 ಉಪಗ್ರಹ 2015ರಲ್ಲಿ ಬಂತು. ಅದರ ಚುಕ್ಕಿ 10 ಮೀಟರಿನದು. ಅದೇ ಎಕರೆಗೆ 40 ಚುಕ್ಕಿ ಸಿಗುತ್ತದೆ. ಹಾಗಂತ ಎಲ್ಲವೂ ತಿಳಿಯುವುದಿಲ್ಲ. ಅಕೇಶಿಯಾ ನೆಡುತೋಪು ಯಾವುದು, ಹಳೆಯ ಕಾನು (ನಿತ್ಯಹಸಿರಿನ ದಟ್ಟ ಕಾಡು) ಯಾವುದು ಅಂತ ಬರಿಗಣ್ಣಿಗೆ ಹೇಳುವುದು ಕಷ್ಟ, ಎರಡೂ ಕೆಂಪೇ. ಸೊರಬದ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವವರು 1868ರಲ್ಲೇ ವರದಿ ಬರೆದಿದ್ದರು. ಅಂಥ ಬರಹದಲ್ಲಿ ಇರುವುದು ಚಿತ್ರದಲ್ಲಿ ಇರುವುದಿಲ್ಲ. ಎರಡನ್ನೂ ಓದಿ, ಕೊನೆಗೆ ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಕಾನಿನೊಳಗೆ ನಿಲ್ಲಬೇಕು.

ಒಂದು ಗುಡ್ಡ, ಎರಡು ಸಮುದ್ರ

ಜಲವಿಭಾಜಕ ಅನ್ನುವ ಪದವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅರ್ಥ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಸಾಗರದ ಸುತ್ತಲಿನ ಟಾಪೋ ಶೀಟ್ ಇದ್ದರೆ ಇದು ಒಂದು ಪೀರಿಯಡ್ಡಿನ ಕೆಲಸ. ವರದಾ ಹುಟ್ಟುವುದು ಸಾಗರದ ಹತ್ತಿರದ ವರದಾಮೂಲದಲ್ಲಿ. ಅದು ಈಶಾನ್ಯಕ್ಕೆ ಹರಿದು ತುಂಗಭದ್ರೆಗೆ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಇರುವ ಶರಾವತಿಯ ಹಿನ್ನೀರು ಅರಬ್ಬಿ ಸಮುದ್ರದ ಕಡೆಯದು. ಶರಾವತಿಗೆ ಹೋಗುವ ಹಳ್ಳಗಳಿಗೆಲ್ಲ ನೀಲಿ ಪೆನ್ನು, ವರದೆಗೆ ಹೋಗುವವಕ್ಕೆ ಹಸಿರು ಪೆನ್ನು. ತಿದ್ದುತ್ತಾ ಹೋದರೆ ನಡುವೆ ಯಾವ ಬಣ್ಣವೂ ದಾಟದ ಒಂದು ಬಿಳಿ ದಾರಿ ಉಳಿಯುತ್ತದೆ. ಅದೇ ಜಲವಿಭಾಜಕ. ಆ ಏಣಿನ ಮೇಲೆ ಅಕ್ಕಪಕ್ಕ ಬಿದ್ದ ಎರಡು ಹನಿ ಮತ್ತೆ ಸಿಗಬೇಕಾದರೆ ಕನ್ಯಾಕುಮಾರಿ ಸುತ್ತಿ ಬರಬೇಕು.

ಮಳೆಯ ಪಾಠಕ್ಕೂ ನಮ್ಮ ಜಿಲ್ಲೆಯಂಥ ಪ್ರಯೋಗಶಾಲೆ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 300 ಇಂಚು ಮಳೆ. ಅಲ್ಲಿಂದ 90 ಕಿ.ಮೀ. ಆಸುಪಾಸಿನಲ್ಲಿರುವ ಶಿವಮೊಗ್ಗ ಪೇಟೆಯಲ್ಲಿ ಅಂದಾಜು 40 ಇಂಚು. ಕಡಲಿನಿಂದ ಬಂದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ ನೀರು ಸುರಿಸುತ್ತದೆ. ಈಚೆಗೆ ಇಳಿಯುವಾಗ ಬೆಚ್ಚಗಾಗಿ, ಉಳಿದ ನೀರನ್ನು ಹಿಡಿದುಕೊಂಡೇ ಮುಂದೆ ಹೋಗುತ್ತದೆ. ಹಳೆಯ ಗೆಜೆಟಿಯರ್‌ಗಳಲ್ಲಿ ಮಳೆಯ ಅಂಕಿ ಇಂಚಿನಲ್ಲಿದೆ. ಇಂದಿನ ಸರ್ಕಾರಿ ಅಂಕಿ ಮಿಲಿಮೀಟರಿನಲ್ಲಿದೆ. 25.4ರಿಂದ ಗುಣಿಸಿದರೆ ಆಯಿತು. ಜೋಗದ 830 ಅಡಿಯೂ ಹಾಗೇ, 0.3048ರಿಂದ ಗುಣಿಸಿದರೆ ಪುಸ್ತಕದ 253 ಮೀಟರ್ ಬರುತ್ತದೆ. ಆದರೆ ಮಲೆನಾಡಿನವರು ಮಳೆಯನ್ನು ಇವತ್ತಿಗೂ ಇಂಚಿನಲ್ಲೇ ಮಾತಾಡುವವರು. ತೋಟದ ಮನೆಗಳಲ್ಲಿ ಅಂಗಳದಲ್ಲೊಂದು ಮಳೆಮಾಪಕ, ಕ್ಯಾಲೆಂಡರಿನ ಮೂಲೆಯಲ್ಲೋ ಹಳೇ ಡೈರಿಯಲ್ಲೋ ದಿನದ ಲೆಕ್ಕ. ಇಂಥ ಡೈರಿಗಳನ್ನು ಮಕ್ಕಳಿಂದ ತರಿಸಿ, ಫೋಟೋ ತೆಗೆಸಿ, ಕಾರ್ಡು ಬರೆಸಿ ಇಡಿ. ಯಾವ ಊರು, ಯಾವ ವರ್ಷ, ಯಾವ ಹೊತ್ತಿಗೆ ಅಳೆದದ್ದು ಅಂತ. ಶಾಲೆಯದ್ದೇ ಒಂದು ಡಿಜಿಟಲ್ ಗ್ರಂಥಾಲಯ ಆಯಿತು. ಒಂದೇ ಒಂದು ವರ್ಷ ಮಳೆ ಕಮ್ಮಿಯಾಯಿತು ಅಂತ ಹವಾಮಾನ ಬದಲಾಯಿತು ಅನ್ನಬೇಡಿ. ಸರಾಸರಿ ಅನ್ನಲು ಹವಾಮಾನದವರು 30 ವರ್ಷದ ಲೆಕ್ಕ ಕೇಳುತ್ತಾರೆ. ಅಜ್ಜನ ಡೈರಿಗೆ ಬೆಲೆ ಬರುವುದು ಅಲ್ಲೇ.

ಕರೆಂಟು, ನೆಟ್‌ವರ್ಕು ಮತ್ತಿತರ

ಇದನ್ನೆಲ್ಲ ಮಳೆಗಾಲದಲ್ಲಿ ಮಾಡಲು ಹೋದರೆ ಗೊತ್ತಲ್ಲ. ಮರ ಬಿತ್ತು, ಲೈನ್ ಹೋಯಿತು. ನೆಟ್‌ವರ್ಕ್ ಬೇಕಾದರೆ ಶಾಲೆಯ ಹಿಂದಿನ ಗುಡ್ಡ ಹತ್ತಬೇಕು. ಹಾಗಾಗಿ ಕ್ಲಾಸಿನಲ್ಲಿ ಲೈವ್ ತೋರಿಸುವ ಆಸೆ ನಾನು ಬಿಟ್ಟಿದ್ದೇನೆ. ಪೇಟೆಗೆ ಹೋದಾಗ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರುತ್ತೇನೆ. ಮುಖ್ಯವಾದ ನಕ್ಷೆಯನ್ನು ದೊಡ್ಡ ಕಾಗದದಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಪ್ರಿಂಟ್ ಹಾಕಿಸುವಾಗ ಒಂದು ಎಚ್ಚರ: ಕಾಗದಕ್ಕೆ ಹೊಂದಿಸಲು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ 1:50,000 ಅನ್ನುವ ಅಳತೆ ಸುಳ್ಳಾಗುತ್ತದೆ. ನಕ್ಷೆಯ ಕೆಳಗಿರುವ ಅಳತೆಪಟ್ಟಿಯನ್ನೂ ಸೇರಿಸಿ ಪ್ರಿಂಟ್ ಹಾಕಿಸಿ. ಅದು ನಕ್ಷೆಯ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ, ಸುಳ್ಳು ಹೇಳುವುದಿಲ್ಲ.

ವಿದೇಶಿ ತಾಣಗಳ ನಕ್ಷೆಯಲ್ಲಿ ದೇಶದ ಗಡಿ ನಮ್ಮ ಅಧಿಕೃತ ಗಡಿಗಿಂತ ಬೇರೆ ಇರಬಹುದು. ಇಡೀ ಭಾರತದ ನಕ್ಷೆ ಬೇಕಾದಾಗ ಸರ್ವೆ ಆಫ್ ಇಂಡಿಯಾದ್ದನ್ನೇ ಬಳಸಿ. ಹಕ್ಕುಸ್ವಾಮ್ಯದ ಚಿಂತೆ ಹಳೆಯದಕ್ಕೆ ಬೇಡ. ನಮ್ಮ ದೇಶದಲ್ಲಿ ಸರ್ಕಾರಿ ಪ್ರಕಟಣೆಗೆ ಪ್ರಕಟವಾದ ಮೇಲೆ 60 ವರ್ಷ, ಉಳಿದ ಪುಸ್ತಕಕ್ಕೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಭಾಷೆಯದು ಮಾತ್ರ ನಿಜವಾದ ಕಷ್ಟ. ಗೆಜೆಟಿಯರಿನ ಇಂಗ್ಲಿಷ್ ಹಳ್ಳಿಯ ಮಕ್ಕಳಿಗೆ ಬಿಡಿ, ನನಗೇ ಕೆಲವು ಕಡೆ ನುಂಗಲಾರದ ತುತ್ತು. ಇಡೀ ಅಧ್ಯಾಯ ಓದಿಸುವ ಗೋಜಿಗೆ ಹೋಗಬೇಡಿ. ಐದು ಸಾಲು ತೆಗೆದುಕೊಂಡು ನೀವೇ ಕನ್ನಡಕ್ಕೆ ತಂದು, ಮೂಲದ ಪುಟದ ಪಕ್ಕದಲ್ಲೇ ಇಡಿ.

ತುಮರಿಯ ಹುಡುಗನ ಕಥೆ ಮುಗಿಸಬೇಕು. ಟಾಪೋ ಶೀಟಿನ ಪ್ರಿಂಟ್ ಬೆಂಚಿನ ಮೇಲೆ ಹರಡಿದ ದಿನ ಅವನು ಮೊದಲು ಹುಡುಕಿದ್ದು ಸಿಗಂದೂರು ಸೇತುವೆಯನ್ನು. ಸಿಗಲಿಲ್ಲ. ಸಿಗುವುದು ಹೇಗೆ? ಹಾಳೆಯ ಮೂಲೆಯಲ್ಲಿದ್ದ ಸರ್ವೆ ವರ್ಷ ತೋರಿಸಿದೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಆ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ಕ್ಕೆ. ‘ಹಾಗಾದ್ರೆ ನಾವೇ ಹಾಕೋಣ’ ಅಂದ. ಉದ್ದ 2.44 ಕಿ.ಮೀ., ಅಂದರೆ ಹಾಳೆಯ ಮೇಲೆ ಹತ್ತಿರ ಹತ್ತಿರ 4.9 ಸೆಂಟಿಮೀಟರ್. ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದ, ಪಕ್ಕದಲ್ಲಿ ತಾರೀಕು ಬರೆದ. ಆಮೇಲೆ ತಾನೇ, ಲಾಂಚ್ ಹೋಗುತ್ತಿದ್ದ ದಾರಿಯನ್ನು ಚುಕ್ಕಿ ಚುಕ್ಕಿಯಾಗಿ ಹಾಕಿದ. ಅದಕ್ಕೂ ಇಸವಿ ಬೇಕಲ್ಲ ಅಂದೆ. ಲಾಂಚ್ ಯಾವಾಗ ಶುರುವಾಗಿದ್ದು ಅಂತ ಅಜ್ಜನ್ನ ಕೇಳಿಕೊಂಡು ಬರ್ತೀನಿ ಅಂದು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದ.